ಒಂದು ಪಾತ್ರಕ್ಕೆ ಮೂವರು: ಬರ್ನೊದ ರೋಮಾ ಹುಡುಗರ ಜೊತೆ ನಾಟಕ ಕಟ್ಟಿದ ನನ್ನ ಅನುಭವ

"ಮೂರನೇ ವಾರಕ್ಕೆ ಒಬ್ಬರೂ ಬರಲ್ಲ, ನೋಡ್ತಿರಿ" ಅಂತ, ರೋಮಾ ಹುಡುಗರ ಜೊತೆ (ಶತಮಾನಗಳ ಹಿಂದೆ ಇಂಡಿಯಾದಿಂದ ಯುರೋಪಿಗೆ ಹೋದ, ಹೊರಗಿನವರು ಜಿಪ್ಸಿ ಅನ್ನುವ ಜನ) ನಾಟಕ ಮಾಡುತ್ತೇವೆ ಅಂದಾಗ ಇಲ್ಲಿನ ನಿರ್ದೇಶಕರೊಬ್ಬರು ಹೇಳಿದ್ದರು. ಮೊದಲ ಸಲ ಹಾಗೇ ಆಯಿತು. ಈಗ ಹನ್ನೊಂದು ಪ್ರದರ್ಶನ ಆಗಿದೆ, ಒಂದೂ ರದ್ದಾಗಿಲ್ಲ. ಚೆಕ್ ದೇಶದ ಬರ್ನೊದಲ್ಲಿ ಬ್ರಾತಿಸ್ಲಾವ್ಸ್ಕಾ ಬೀದಿಯ ಆಸುಪಾಸಿನ ಹದಿನಾಲ್ಕು ಮಂದಿ ಹುಡುಗ ಹುಡುಗಿಯರು, ವಯಸ್ಸು 15ರಿಂದ 21.

ಮೊದಲ ದಡ್ಡತನ ಬಂಡಿ. ರೋಮಾ ಅಂದರೆ ಅಲೆಮಾರಿ ಅಂದುಕೊಂಡು ಮರದ ಗಾಲಿಗೆ ಆರು ಸಾವಿರ ಕೊರುನಾ, ಹೂವಿನ ಲಂಗಗಳಿಗೆ ಒಂಬತ್ತು ಸಾವಿರ ಸುರಿದೆವು (ಒಂದು ಕೊರುನಾಗೆ ಹತ್ತಿರ ಹತ್ತಿರ ನಾಲ್ಕು ರೂಪಾಯಿ). ಹುಡುಗಿಯರು ಲಂಗ ಮುಟ್ಟಲೇ ಇಲ್ಲ. ಯುದ್ಧಕ್ಕೆ ಮುಂಚೆ ಇಲ್ಲಿದ್ದ ರೋಮಾಗಳಲ್ಲಿ ಹತ್ತಕ್ಕೆ ಒಂಬತ್ತು ಜನ ನಾಜಿಗಳ ಕಾಲದಲ್ಲಿ ಸತ್ತರು. ಈಗಿನ ಮನೆತನಗಳು ಹೆಚ್ಚಿನವು ಯುದ್ಧದ ನಂತರ ಸ್ಲೊವಾಕಿಯಾದಿಂದ ಕಾರ್ಖಾನೆ ಕೆಲಸಕ್ಕೆ ಬಂದವು. ಅಲ್ಲಿ ಅವರು ತಲೆತಲಾಂತರದಿಂದ ಒಂದೇ ಊರಲ್ಲಿ ನೆಲೆ ನಿಂತ ಕಮ್ಮಾರರು, ಪಿಟೀಲು ನುಡಿಸುವವರು. ಅಲೆದಾಟ ನಿಷೇಧಿಸಿದ 1958ರ ಕಾನೂನು ಬಂದಾಗ ಬಂಡಿಯ ಗಾಲಿ ಕಳಚಿಸಿಕೊಂಡದ್ದು ಬೇರೆ ಪಂಗಡ. ಇದನ್ನು ಕೇಳದೆ ನಾಟಕ ಬರೆದದ್ದು ನಮ್ಮ ತಪ್ಪು.

ಎರಡನೆಯ ತಪ್ಪು ಇಂಡಿಯಾ. "ನೀವು ನಮ್ಮ ಕಡೆಯವರೇ" ಅಂದದ್ದಕ್ಕೆ ಒಬ್ಬ "ನಾನು ಬರ್ನೊದವನು" ಅಂದ. ಅಲ್ಲಿಗೆ ಭಾಷಣ ಬಿಟ್ಟು ಹಗ್ಗ ಹಿಡಿದೆವು. ನೆಲದ ಮೇಲೆ ಹನ್ನೆರಡು ಮೀಟರ್ ಹಗ್ಗ, ಅದು ಇಂಡಿಯಾದಿಂದ ಯುರೋಪಿಗೆ ಬಂದ ದಾರಿ; ಅದರ ಗುಂಟ ಅವರ ಭಾಷೆ ರೋಮಾನಿಯ ಪದಗಳ ಚೀಟಿ. ಪಾನಿ (ನೀರು), ನಾಖ್ (ಮೂಗು), ಕಾನ್ (ಕಿವಿ) ಇಂಡಿಯಾದ ತುದಿಗೆ; ಅದೃಷ್ಟಕ್ಕೆ ಹೇಳುವ ಬಖ್ತ್ ಪರ್ಶಿಯಾದಲ್ಲಿ; ದಾರಿಗೆ ಹೇಳುವ ದ್ರೋಮ್, ಏಳು ಎಂಟು ಒಂಬತ್ತಕ್ಕೆ ಹೇಳುವ ಎಫ್ತಾ, ಒಖ್ತೋ, ಎನ್ಯಾ ಗ್ರೀಕ್ ನಾಡಿನಲ್ಲಿ. ಒಂದರಿಂದ ಆರರವರೆಗೆ ಇಂಡಿಯಾದ ಪದಗಳಲ್ಲೇ ಎಣಿಸುತ್ತಾ ಬಂದವರು ಏಳಕ್ಕೆ ಹಗ್ಗದ ಮೇಲೆ ಅಷ್ಟು ದೂರ ಹಾರಬೇಕು. ಆ ಹಾರಿಕೆಯೇ ನಾಟಕದ ಮೊದಲ ದೃಶ್ಯವಾಯಿತು. ಮೂವತ್ತು ಪದ ಇಟ್ಟರೆ ಬೇಸರ, ಒಂಬತ್ತು ಸಾಕು. ಹಲವರಿಗೆ ರೋಮಾನಿ ಅರ್ಥವಾಗುತ್ತದೆ, ಬಾಯಿಗೆ ಬರಲ್ಲ, ನಾಚಿಕೆ. ಅದಕ್ಕೆ ಒಂದು ವಾರ ಮೊದಲೇ ಅಜ್ಜಿಯನ್ನು ಕೇಳಿ ಒಂದೊಂದು ಪದ ತರಲು ಕಳಿಸಿ. ನಿಘಂಟು ತೋರಿಸಬೇಡಿ.

ಇನ್ನು ಗಟ್ಟಿ ವಿಷಯ. ಏಳು ತುಣುಕು, ಒಂದೊಂದೂ ಐದಾರು ನಿಮಿಷ, ಒಂದರಲ್ಲಿ ಮೂರಕ್ಕಿಂತ ಹೆಚ್ಚು ಪಾತ್ರ ಇಲ್ಲ, ಒಂದು ಇನ್ನೊಂದಕ್ಕೆ ಅಂಟಿಕೊಂಡಿಲ್ಲ. ಪ್ರತಿ ಪಾತ್ರವನ್ನೂ ಮೂವರು ಕಲಿಯುತ್ತಾರೆ. ಟೋಪಿ, ಏಪ್ರನ್, ಕೈಚೀಲ: ಯಾರು ಹಾಕಿಕೊಂಡರೋ ಅವರೇ ಆ ಪಾತ್ರ. ಪ್ರದರ್ಶನದ ದಿನ ಸಂಜೆ ಐದೂವರೆಗೆ ಬಂದವರ ತಲೆ ಎಣಿಸಿ, ಗೋಡೆ ಮೇಲೆ ಚೀಟಿ ಅಂಟಿಸಿ ಕ್ರಮ ಮಾಡುತ್ತೇವೆ. ಆರು ಜನ ಬಂದರೂ ನಾಟಕ ನಡೆಯುತ್ತದೆ. ಬರಲಾಗದವರಿಗೆ ಕಾರಣ ಇರುತ್ತದೆ: ತಮ್ಮ-ತಂಗಿಯರನ್ನು ನೋಡಿಕೊಳ್ಳಬೇಕು, ಪಾಳಿ ಕೆಲಸ, ಮದುವೆ. ಸಾವಾದರೆ ಹೆಣದ ಜೊತೆ ರಾತ್ರಿಯಿಡೀ ಎಚ್ಚರ ಕೂರುವ ವಾರ್ತೊವಾನಿ. ಇದನ್ನು ಅಶಿಸ್ತು ಅಂದರೆ ತಂಡ ಅವತ್ತಿಗೇ ಮುಗಿಯಿತು.

ಮನೆಯ ಕಥೆಯನ್ನು ಹೇಳಿದವರೇ ಆಡಬಾರದು. ಒಬ್ಬ ಎರಡನೆಯವನಿಗೆ ಹೇಳಬೇಕು, ಅವನು ಮೂರನೆಯವಳಿಗೆ, ಅವಳು ಆಡಬೇಕು. ಅಷ್ಟರಲ್ಲಿ ಬೀದಿ, ಅಡ್ಡಹೆಸರು ಉದುರಿರುತ್ತವೆ. ಇಲ್ಲಿ ಅಡ್ಡಹೆಸರು ಕೇಳಿದರೆ ಸಾಕು, ಯಾರ ಮನೆ ಅಂತ ಇಡೀ ಕೇರಿಗೆ ಗೊತ್ತಾಗುತ್ತದೆ.

1943ರ ಮಾರ್ಚ್ 7ರಂದು ಬರ್ನೊದಿಂದ ರೋಮಾಗಳನ್ನು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ ಸಾಗಿಸಿದ ದೃಶ್ಯವನ್ನು ಮಕ್ಕಳ ಮೈಮೇಲೆ ಹೊರಿಸಲು ಮನಸ್ಸಾಗಲಿಲ್ಲ. ನಮ್ಮ ತೊಗಲು ಗೊಂಬೆ ನೆನಪಾಯಿತು. ತೊಗಲಿನ ಬದಲು ಪ್ಲಾಸ್ಟಿಕ್ ಫೈಲ್ ಕವರ್, ಮಾರ್ಕರ್ ಪೆನ್ನು. ಎಲ್‌ಇಡಿ ಪ್ಯಾನೆಲ್ ಹಾಕಿದರೆ ನೆರಳು ಮಸುಕು, ಬೆಳಕು ಅಗಲದಿಂದ ಬರುತ್ತದೆ. 50 ವ್ಯಾಟ್‌ನ ಒಂದೇ ಹ್ಯಾಲೊಜೆನ್, ಪರದೆಯಿಂದ ಒಂದೂವರೆ ಮೀಟರ್ ಹಿಂದೆ. ಗೊಂಬೆ ದೀಪಕ್ಕೆ ಗೇಣಿಗಿಂತ ಹತ್ತಿರ ಹೋದರೆ ಸುರುಟಿಕೊಳ್ಳುತ್ತದೆ, ಎರಡು ಕಳೆದುಕೊಂಡೆವು.

ಶಾಲೆಯ ತುಣುಕು ಫೋರಂ ರೀತಿಯದು. ಚೆಕ್ ನಗರ ಒಸ್ತ್ರಾವಾದ 18 ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ವಿಶೇಷ ಶಾಲೆಗೆ ತಳ್ಳಿದ ಪ್ರಕರಣದಲ್ಲಿ 2007ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಅದು ತಾರತಮ್ಯ ಅಂತ ತೀರ್ಪು ಕೊಟ್ಟಿತು, ಅದರ ಎಳೆ: ತಾಯಿಯ ಮುಂದೆ ಒಂದು ಕಾಗದ, ಸಹಿ ಹಾಕು ಅನ್ನುವ ಮೇಷ್ಟ್ರು. ಫೋರಂ ನಾಟಕ ರೂಪಿಸಿದ ಬ್ರೆಜಿಲ್‌ನ ರಂಗಕರ್ಮಿ ಬೋವಾಲ್ ಪದ್ಧತಿಯಂತೆ ಪ್ರೇಕ್ಷಕರು ತಾಯಿಯ ಜಾಗಕ್ಕೆ ಬರಬೇಕು. ಬಂದ ಚೆಕ್ ಪ್ರೇಕ್ಷಕರೆಲ್ಲ "ಸ್ವಲ್ಪ ವಿನಯದಿಂದ ಕೇಳಿ" ಅಂತ ತಾಯಿಗೇ ಪಾಠ ಮಾಡಿದರು. ಮೂರನೇ ಪ್ರದರ್ಶನದಿಂದ ತಿರುಗಿಸಿದೆವು: ಹೊರಗಿನವರು ಮೇಷ್ಟ್ರಾಗಿ ಮಾತ್ರ ಬರಬಹುದು. ಬಲ್ಲವರು ಮೂಗು ಮುರಿದರು. ಸಭೆ ಮಾತ್ರ ಅವತ್ತೇ ಬಿಸಿ ಏರಿತು.

ಒಟ್ಟು ಖರ್ಚು ಎಂಬತ್ತೈದು ಸಾವಿರ ಕೊರುನಾ ಇರಬೇಕು. ಹಾಲ್ ಬಾಡಿಗೆ ಗಂಟೆಗೆ ಮುನ್ನೂರು. ಊಟ ಅದಕ್ಕಿಂತ ಹೆಚ್ಚು, ಅದನ್ನು ಕತ್ತರಿಸಬೇಡಿ; ಒಬ್ಬ ಅಮ್ಮ ಮರಿಕ್ಲಾ ರೊಟ್ಟಿ ತಟ್ಟಿ ತಂದ ದಿನ ಹಾಜರಿ ಪೂರ್ತಿ. ತಲೆಗೆ ಪ್ರದರ್ಶನಕ್ಕೆ ಐನೂರು, ಅವತ್ತೇ ಕೈಗೆ. ಪುಕ್ಕಟೆ ಆಡಿಸಿದ ಮೊದಲ ತಂಡ ಒಡೆದದ್ದಕ್ಕೆ ಇದೂ ಒಂದು ಕಾರಣ.

ಒಂದು ತೊಂದರೆ ಹಾಗೇ ಇದೆ. ಮುಂದಿನ ಸಾಲಿನ ಅಜ್ಜಿಯರು ಕೂತಲ್ಲಿಂದಲೇ ರೋಮಾನಿ ಉಚ್ಚಾರ ತಿದ್ದುತ್ತಾರೆ, ನಾಟಕ ನಿಲ್ಲುತ್ತದೆ. ಈಗ ಆ ತಿದ್ದುಪಡಿಗೆಂದೇ ನಾಲ್ಕು ನಿಮಿಷ ಹೆಚ್ಚಿಗೆ ಹಿಡಿದು ಹಾಲ್ ಬುಕ್ ಮಾಡುತ್ತೇವೆ.