ಗೌಡ್ರ ಮನಿ ಬಂದೂಕಿನ ಲಿಲಾವದಾಗ ನಾ 12 ಬೋರ್ ತಗೊಂಡಿದ್ದು

ಹಳೇ ಬಂದೂಕು ತಗೊಳ್ಳೋರು ಭಾಳ ಮಂದಿ ಕಂಪನಿ ಹೆಸರು ನೋಡ್ತಾರ, ಹಿಡಿಕಿ ಮ್ಯಾಲಿನ ಕೆತ್ತನಿ ನೋಡ್ತಾರ, ಬೆಲೆ ಕೂಗ್ತಾರ. ನನ್ನ ಕೇಳಿದ್ರ ನೋಡಬೇಕಾದ್ದು ಎರಡ, ಒಂದು ಬ್ಯಾರಲ್ (ನಳಿಗಿ), ಇನ್ನೊಂದು ಬಂದೂಕಿನ ಕಾಗದ. ಇವೆರಡೂ ಸರಿ ಇದ್ರ ಬಾಕಿದ್ದೆಲ್ಲಾ ರಿಪೇರಿ ಆಗ್ತೈತಿ, ಇವೆರಡರಾಗ ಒಂದು ಕೆಟ್ಟಿದ್ರೂ ಪುಕ್ಕಟ ಕೊಟ್ರೂ ಬ್ಯಾಡ.

ನಮ್ಮ ಹೊಲ ಕೊಪ್ಪಳ ಜಿಲ್ಲಾದಾಗ ಕನಕಗಿರಿ ಕಡೆ ಗುಡ್ಡದ ಬುಡಕ್ಕ ಐತಿ. ಶೇಂಗಾ, ಗೋವಿನಜೋಳ ಹಾಕ್ತೀವಿ, ತೆನಿ ಹಾಲುಗಟ್ಟೋ ಟೈಮಿಗೆ ಹಂದಿ ಹಿಂಡು ಬರ್ತಾವ, ಗುಡ್ಡದಿಂದ ಕರಡಿನೂ ಇಳೀತಾವ. ಕರಡಿ ಮುಟ್ಟಂಗಿಲ್ಲ, 1972ರ ವನ್ಯಜೀವಿ ಕಾಯ್ದೆದಾಗ ಅದಕ್ಕ ದೊಡ್ಡ ರಕ್ಷಣೆ ಐತಿ, ಹಂದಿ ಹೊಡಿಯಾಕೂ ಅರಣ್ಯ ಇಲಾಖೆ ಪರ್ಮಿಷನ್ ಬೇಕು. ಆಕಾಶಕ್ಕ ಒಂದು ಸದ್ದು ಮಾಡಿದ್ರ ಸಾಕು ಓಡ್ತಾವ, ರಾತ್ರಿ ಕಾವಲಿಗೆ ಒಬ್ನ ಕೂತವಗ ಧೈರ್ಯನೂ ಇರ್ತೈತಿ. ಅದಕ್ಕ ಲೈಸೆನ್ಸ್ ಮಾಡಿಸಿದ್ದೆ, ಬಂದೂಕು ಹುಡುಕ್ತಿದ್ದೆ.

ಅಷ್ಟರಾಗ ನಮ್ಮ ಕಡೆ ಹಿರೇರು ಒಬ್ಬ ಗೌಡ್ರು ತೀರಿಕೊಂಡ್ರು. ಬಂದೂಕು ಅಂದ್ರ ಅವರಿಗೆ ಜೀವ. ಅವರ ಹೆಸರಿನ್ಯಾಗ, ತಮ್ಮನ ಹೆಸರಿನ್ಯಾಗ, ಮಗನ ಹೆಸರಿನ್ಯಾಗ, ಹಿಂಗ ಮನಿಯವರ ಲೈಸೆನ್ಸ್ ಮ್ಯಾಲೆ ಹಂಚಿಟ್ಟು ಒಂದು ದೊಡ್ಡ ಸಂಗ್ರಹನ ಮಾಡಿದ್ರು. ಮೊದಲು ಒಬ್ಬರ ಲೈಸೆನ್ಸ್ ಮ್ಯಾಲೆ ಮೂರು ಬಂದೂಕು ಇಡಬಹುದಿತ್ತು, 2019ರ ತಿದ್ದುಪಡಿ ಬಂದ ಮ್ಯಾಲೆ ಎರಡ, ಹಿರೇರಿಂದ ಬಂದದ್ದು ಅಂದ್ರೂ ಲೆಕ್ಕ ಎರಡು ದಾಟಂಗಿಲ್ಲ. ಮಕ್ಕಳು ಬೆಂಗಳೂರಾಗ ನೌಕರಿ, ಅವರಿಗೆ ಇವು ಬ್ಯಾಡಾಗಿತ್ತು. ಲೈಸೆನ್ಸ್‌ದಾರ ತೀರಿಕೊಂಡ್ರ ಬಂದೂಕು ಮನ್ಯಾಗ ಇಟ್ಕೊಂಡು ಕೂಡಂಗಿಲ್ಲ, ಠಾಣೆಕ್ಕರ ಒಪ್ಪಿಸಬೇಕು, ಲೈಸೆನ್ಸ್ ಇರೋ ಡೀಲರ್ ಹತ್ರರ ಇಡಬೇಕು. ಅವರು ಬಳ್ಳಾರಿ ಡೀಲರ್ ಹತ್ರ ಇಟ್ರು, ಅದು ಶ್ಯಾಣ್ಯಾತನದ ಕೆಲಸ, ಯಾಕಂದ್ರ ಅಂಗಡ್ಯಾಗ ಎಣ್ಣಿ ಬಟ್ಟಿ ಬೀಳ್ತೈತಿ, ಠಾಣೆ ಕೋಣ್ಯಾಗ ವರ್ಷಗಟ್ಟಲೆ ಇದ್ರ ಮಳೆಗಾಲದಾಗ ತುಕ್ಕು ತಿಂತೈತಿ. ಹಂಗ ಇಟ್ಟ ಮ್ಯಾಲೆ ವಾರಸುದಾರರು ಅದನ್ನ ಲೈಸೆನ್ಸ್ ಇದ್ದವರಿಗೆ ಮಾರಿ ರೊಕ್ಕ ತಗೋಬಹುದು, ಕಾಯ್ದೆದಾಗ ಅವಕಾಶ ಐತಿ. ಕೊಳ್ಳೋರು ಜಾಸ್ತಿ ಇದ್ರು ಅಂತ ಮಕ್ಕಳು, ಡೀಲರ್ ಕೂಡಿ ಅಂಗಡ್ಯಾಗ ಲಿಲಾವ ಇಟ್ರು. ಬಾಗಲದಾಗ ಲೈಸೆನ್ಸ್ ಬುಕ್ ತೋರಿಸಿದವರಿಗಷ್ಟ ಒಳಗ ಬಿಟ್ರು, ಅದೂ ಬುಕ್ಕಿನ್ಯಾಗ ಬಂದೂಕು ತಗೊಳ್ಳಾಕ ಜಾಗ ಖಾಲಿ ಇದ್ರ.

ಹಂಗಾಗಿ ಲೈಸೆನ್ಸ್ ಮೊದ್ಲ, ಬಂದೂಕು ಆಮ್ಯಾಲೆ. ಡಿಸಿ ಆಫೀಸಿಗೆ ಅರ್ಜಿ, ಪೊಲೀಸ್ ರಿಪೋರ್ಟ್, ಮೆಡಿಕಲ್, ಸೇಫ್ಟಿ ಟ್ರೇನಿಂಗ್ ಸರ್ಟಿಫಿಕೇಟ್, ಮನ್ಯಾಗ ಕೀಲಿ ಹಾಕಿ ಇಡಾಕ ಜಾಗ ಐತಿ ಅಂತ ಬರಕೊಡೋದು, ಲೈಸೆನ್ಸ್ ಇದ್ದವಗ ಕೊಡೋ ಯುಐಎನ್ ಗುರುತಿನ ನಂಬರ್, ಇವೆಲ್ಲಾ ಆಗೋತನಕ ತಾಳ್ಮಿ ಬೇಕು, ಅದರ ಬಗ್ಗೆ ಉದ್ದ ಬರಿಯಂಗಿಲ್ಲ, ಆಫೀಸಿನ್ಯಾಗ ಕೇಳಿದ್ರ ಲಿಸ್ಟ್ ಕೊಡ್ತಾರ. ನಾ ಹೇಳೋದು ಬಂದೂಕಿನ ಕಾಗದದ ಬಗ್ಗೆ. ನಮ್ಮ ಕಡೆ ಹಳೇ ಬಂದೂಕಿನ ಜಾಡು ಹಿಡಿಯೋದು ಬ್ಯಾರೆ ಥರ, ಯಾಕಂದ್ರ 1948ರ ತನಕ ನಾವು ನಿಜಾಮರ ರಾಜ್ಯದಾಗ ಇದ್ದವ್ರು, ಹಳೇ ಲೈಸೆನ್ಸ್ ಬುಕ್ ಉರ್ದುದಾಗ ಇರ್ತಾವ. ಆಮ್ಯಾಲೆ ಕೊಪ್ಪಳ ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ, ಅದಕ್ಕಿಂತ ಮೊದಲಿನ ಫೈಲು ರಾಯಚೂರಾಗ. ಗೌಡ್ರ ಅಪ್ಪನ ಕಾಲದ ಬುಕ್ ಹಂಗ ಇತ್ತು. ನಮ್ಮೂರಾಗ ಉರ್ದು ಸಾಲಿ ಕಲ್ತ ಹಿರೇ ಮಾಮುಗೆ ಫೋಟೋ ತೋರ್ಸಿ ಓದ್ಸಿದೆ. ಅದರಾಗಿನ ನಂಬರು, ಈಗಿನ ಲೈಸೆನ್ಸಿನ ನಂಬರು, ಡೀಲರ್ ರಿಜಿಸ್ಟರಿನ ನಂಬರು, ಬಂದೂಕಿನ ಮ್ಯಾಲೆ ಕೆತ್ತಿದ ನಂಬರು, ನಾಕೂ ಒಂದ ಇರಬೇಕು. ಬ್ಯಾರಲ್ ಮ್ಯಾಲಿನ ನಂಬರು, ಆ್ಯಕ್ಷನ್ (ಬ್ಯಾರಲ್ ಕೂಡೋ ನಡುವಿನ ಉಕ್ಕಿನ ಭಾಗ) ಮ್ಯಾಲಿನ ನಂಬರು, ಮುಂದಿನ ಕಟಗಿ ಒಳಗಿನ ನಂಬರು ಬಿಚ್ಚಿಸಿ ನೋಡ್ರಿ. ಒಂದರಾಗ ಒಂದು ಅಂಕಿ ಹೆಚ್ಚುಕಮ್ಮಿ ಇದ್ರೂ ನಾಳೆ ಎಂಟ್ರಿ ಮಾಡ್ಸಾಕ ಹೋದಾಗ ಸಿಕ್ಕೊಳ್ಳೋರು ನೀವ.

ಲಿಲಾವಕ್ಕಿಂತ ಮೊದಲ ಮಾಲು ನೋಡಾಕ ಬಿಟ್ಟಿದ್ರು. ನಾ ಡಿಎಆರ್‌ನಾಗ (ಜಿಲ್ಲಾ ಸಶಸ್ತ್ರ ಪೊಲೀಸ್ ಪಡೆದಾಗ) ಬಂದೂಕು ರಿಪೇರಿ ಮಾಡಿ ರಿಟೈರ್ ಆದ ಒಬ್ಬ ಕಾಕಾರನ್ನ ಕರ್ಕೊಂಡು ಹೋಗಿದ್ದೆ. ಎಲ್ಲಾರ ಕಣ್ಣೂ ಬಿದ್ದಿದ್ದು ಒಂದು ಬೆಲ್ಜಿಯಂ ಬಂದೂಕಿನ ಮ್ಯಾಲೆ, ತೋಟಾಕ್ಕ ಬಡಿಯೋ ಸುತ್ತಿಗಿ (ಹ್ಯಾಮರ್) ಹೊರಗ ಇರೋದು, ಬೆಳ್ಳಿಗತೆ ಕೆತ್ತನಿ, ಬ್ಯಾರಲ್ ಮ್ಯಾಲೆ ಸುರುಳಿ ಸುರುಳಿ ಗೆರಿ. ಕಾಕಾ ಅದನ್ನ ಬೆಳಕಿಗೆ ಹಿಡಿದು, "ತಮ್ಮಾ, ಇದು ಡಮಾಸ್ಕಸ್, ಕಬ್ಬಿಣ ಉಕ್ಕು ಹೆಣೆದು ಸುತ್ತಿ ಬೆಸೆದ ನಳಿಗಿ, ಗ್ವಾಡಿಗೆ ತೂಗಹಾಕಾಕ ಚಂದ, ಇದಕ್ಕ ಹಳೇ ಕಾಲದ ಕರೇ ಮದ್ದಿನ ಜೋರು ಅಷ್ಟ ಗೊತ್ತು, ಈಗಿನ ತೋಟಾ (ಕಾರ್ಟ್ರಿಜ್) ಹಾಕಿದ್ರ ಕೈ ಹೋದೀತು" ಅಂದ್ರು. ಅಡಿಗೆ ಬೆಲ್ಜಿಯಂದ ಲಿಯೇಜ್ ಊರಿನ ಪರೀಕ್ಷೆಯ, ಮೊಟ್ಟಿ ಆಕಾರದ ಇಎಲ್‌ಜಿ ಮುದ್ರಿ ಇತ್ತು, ಈಗಿನ ತೋಟಾದಾಗಿರೋ ಹೊಗಿ ಇಲ್ಲದ ಮದ್ದಿಗೆ ಪಾಸಾದ ಮುದ್ರಿ ಇರಲಿಲ್ಲ.

ಮುದ್ರಿ ಓದೋದು ಕಲೀರಿ, ಇದು ಎಲ್ಲಕ್ಕಿಂತ ದೊಡ್ಡ ಮಾತು. ಬ್ಯಾರಲ್ ಬಿಚ್ಚಿ ತಿರುವಿದ್ರ ಬುಡದ ಸಪಾಟ ಜಾಗದಾಗ ಇರ್ತಾವ. ಬರ್ಮಿಂಗ್‌ಹ್ಯಾಂನಾಗ (ಇಂಗ್ಲೆಂಡು) 1813ರಿಂದ ಪ್ರೂಫ್ ಹೌಸ್, ಅಂದ್ರ ನಳಿಗಿ ಪರೀಕ್ಷೆ ಮಾಡೋ ಮನಿ ಐತಿ, ಅಲ್ಲಿ ಜಾಸ್ತಿ ಮದ್ದು ತುಂಬಿ ಹೊಡೆದು ತಡಕೊಂಡ ನಳಿಗೆಗಷ್ಟ ಮುದ್ರಿ ಒತ್ತತಾರ. 1904ರಿಂದ 1954ರ ತನಕ ಕಿರೀಟದ ಕೆಳಗ ಎನ್‌ಪಿ, ಆಮ್ಯಾಲೆ ಬಿಎನ್‌ಪಿ ಅಂತ ಇದ್ರ ಅದು ಹೊಗಿ ಇಲ್ಲದ ಮದ್ದಿಗೆ ಪಾಸಾದ ನಳಿಗಿ. 'ನಾಟ್ ಫಾರ್ ಬಾಲ್' ಅಂತ ಬರ್ದಿದ್ರ ಅದು 1875ರಿಂದ 1887ರ ನಡುವಿಂದು, ಸಣ್ಣ ಛರ್ರಿ ಅಷ್ಟ ಹಾಕು, ಒಂಟಿ ಗುಂಡು ಹಾಕಬ್ಯಾಡ ಅಂತ ಅರ್ಥ. ಆಮ್ಯಾಲೆ ಬೋರ್ ಅಳತಿ. 12 ಅಂತ ಒತ್ತಿದ್ರ ನಳಿಗಿ ಒಳ ಅಗಲ .729 ಇಂಚು, ಅಂದ್ರ 18.5 ಮಿಲಿಮೀಟರ್. ಹಳೇ ನಳಿಗಿ ಒಳಗ ತುಕ್ಕಿನ ಚುಕ್ಕಿ ಬಿದ್ದಿದ್ರ ಕೆಲವ್ರು ಉಜ್ಜಿ ಉಜ್ಜಿ ಕನ್ನಡಿ ಮಾಡಿ ಇಡ್ತಾರ, ನೋಡಿದ್ರ ಹೊಸಾದು, ಅಳದ್ರ ಗೋಡಿ ತೆಳುವಾಗಿರ್ತೈತಿ. ಕಾಕಾ ಗೇಜ್ ಹಾಕಿ ಅಳದು ಮುದ್ರಿ ಜೋಡಿ ತಾಳೆ ನೋಡಿದ್ರು.

ಕೊನಿಗೆ ನಾವು ನಿಂತಿದ್ದು ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಒಂದು ಸಾದಾ ಡಬಲ್ ಬ್ಯಾರಲ್ ಮುಂದ. ಕೆತ್ತನಿ ಇಲ್ಲ, ಹಿಡಿಕಿ ಕಟಗಿ ಮಾಸಿತ್ತು, ಉಕ್ಕಿನ ಬ್ಯಾರಲ್, ಬಿಎನ್‌ಪಿ ಮುದ್ರಿ ಸ್ವಚ್ಛ. ಕಾಕಾ ಬ್ಯಾರಲ್ ಜೋಡಿನ ಕೊಕ್ಕಿ ಹಿಡಿದು ತೂಗಬಿಟ್ಟು ಉಗುರಿಲೆ ತಟ್ಟಿದ್ರು, ಗುಡಿ ಗಂಟಿ ಹಂಗ ನಾದ ಬಂತು. ನಡುವಿನ ಪಟ್ಟಿ ಬೆಸುಗಿ ಬಿಟ್ಟಿದ್ರ ಆ ನಾದ ಬರಂಗಿಲ್ಲ, ಬರೇ ಟಪ್ ಅಂತೈತಿ. ಆಮ್ಯಾಲೆ ಮುಂದಿನ ಕಟಗಿ ತಗದು ಬಂದೂಕು ಅಲುಗಾಡ್ಸಿ ಸಡಿಲ ಐತೇನು ನೋಡಿದ್ರು, ಮುಚ್ಚಿದ ಮ್ಯಾಲೆ ಸಂದಿನ್ಯಾಗ ಬೆಳಕು ಕಾಣ್ತೈತೇನು ನೋಡಿದ್ರು, ಡಮ್ಮಿ ತೋಟಾ ಹಾಕಿ ಎರಡೂ ಕುದರಿ (ಟ್ರಿಗರ್) ಎಳದು ನೋಡಿದ್ರು. ಖಾಲಿ ಎಳೀಬ್ಯಾಡ್ರಿ, ಪಿನ್ ಮುರೀತೈತಿ.

ಲಿಲಾವದ ದಿನ ಬೆಲ್ಜಿಯಂದು ಏರಿತು ನೋಡ್ರಿ, ಸವಾಲು ಮ್ಯಾಲೆ ಸವಾಲು. ವಿದೇಶಿ ಬಂದೂಕು ನಮ್ಮ ದೇಶಕ್ಕ ತರಿಸೋದು 1980ರ ದಶಕದಾಗ ನಿಂತಮ್ಯಾಲೆ ಇಂಗ್ಲೆಂಡು ಬೆಲ್ಜಿಯಂ ಹೆಸರು ಇದ್ರ ಸಾಕು ಜನ ಮುಗಿಬೀಳ್ತಾರ, ಅದಕ್ಕ ನೀವು ಮನ್ಯಾಗ ಬೆಲೆಗೆ ಒಂದು ಹದ್ದು (ಮಿತಿ) ಹಾಕ್ಕೊಂಡು ಹೋಗ್ರಿ, ಅದರ ಮ್ಯಾಲೆ ಹತ್ತು ರೂಪಾಯಿನೂ ಕೂಗಬ್ಯಾಡ್ರಿ. ನಾ ಹಂಗ ಮಾಡಿದೆ. ವೆಬ್ಲಿ ಬಂದಾಗ ಒಬ್ರು ಗುತ್ತಿಗೆದಾರರು ಪೈಪೋಟಿಗೆ ಬಂದ್ರು, ನನ್ನ ಹದ್ದಿನ ಹತ್ರ ಬಂದಾಗ ಅವರು ಬಿಟ್ರು, ನನ್ನ ಹೆಸರಿಗೆ ಮುಗೀತು. ಗೌಡ್ರ ಹಿರೇ ಮಗ ಬಂದು, "ಅಣ್ಣಾರ, ಅಪ್ಪ ಇದರ್‍ಲೇ ನನಗ ಬಂದೂಕು ಹಿಡಿಯೋದು ಕಲ್ಸಿದ್ರು, ಹೊಲಕ್ಕ ಹೊಂಟೈತಿ ಅಂದ್ರ ನನಗ ಸಮಾಧಾನ" ಅಂದ್ರು.

ತೋಟಾದ ಮಾತು. ಸಂಗ್ರಹದಾಗ ಈಲಿ-ಕೈನಾಕ್ ಕಂಪನಿ ಹಳೇ ತೋಟಾ ಪೆಟ್ಟಿಗಿ ಭಾಳ ಇದ್ವು, ಪೇಪರ್ ಕವಚದವು. ಅವನ್ನ ಬಂದೂಕಿನ ಜೋಡಿ ಸೇರ್ಸಿ ಕೊಡ್ತೀವಿ ಅಂದ್ರು, ನಾ ಬ್ಯಾಡಂದೆ. ತೋಟಾಕ್ಕೂ ಲೆಕ್ಕ ಐತಿ, ಲೈಸೆನ್ಸಿನ್ಯಾಗ ಒಂದ ಸಲಕ್ಕ ಎಷ್ಟು ವರ್ಷಕ್ಕ ಎಷ್ಟು ಅಂತ ಬರ್ದಿರ್ತಾರ, ಪೆಟ್ಟಿಗಿಗಟ್ಟಲೆ ಒಯ್ಯಾಕ ಬರಂಗಿಲ್ಲ. ಮತ್ತ ಪೇಪರ್ ತೋಟಾ ನೀರಿನ ಪಸೆ ಎಳಕೊಂಡು ಉಬ್ಬಿರ್ತಾವ, ಹಿತ್ತಾಳಿ ಬುಡ ಹಸರು ಹಿಡಿದಿರ್ತೈತಿ, ಹೊಡದಾಗ ಅರ್ಧ ಮದ್ದು ಸುಟ್ಟು ಒಳಗ ಬಿರಡಿ (ಮದ್ದು, ಛರ್ರಿ ನಡುವಿನ ಮುಚ್ಚಳ) ಸಿಕ್ಕೊಂಡು ನಿಂತ್ರ ಮುಂದಿನ ಏಟಿಗೆ ನಳಿಗಿನ ಒಡೀತೈತಿ. ಖಡಕಿ ಫ್ಯಾಕ್ಟರಿ ಶಕ್ತಿಮಾನ್ ಹೊಸ ತೋಟಾ ಬುಕ್ಕಿನ್ಯಾಗ ಬರಸ್ಕೊಂಡು ತಗೊಂಡೆ.

ತಗೊಳ್ಳಾಗ ಉದ್ದ ನೋಡ್ರಿ. ಹಳೇ ಇಂಗ್ಲಿಷ್ ಬಂದೂಕಿನ ಚೇಂಬರ್ (ತೋಟಾ ಕೂಡೋ ನಳಿಗಿ ಬುಡದ ಜಾಗ) ಭಾಳಷ್ಟು ಎರಡೂವರಿ ಇಂಚಿನವು, ಅಂದ್ರ 65 ಮಿಲಿಮೀಟರ್. 70 ಮಿಲಿಮೀಟರ್ ತೋಟಾನೂ ಅದರಾಗ ಸಲೀಸಾಗಿ ಕೂಡ್ತೈತಿ, ಮೋಸ ಇರೋದ ಅಲ್ಲೆ, ಯಾಕಂದ್ರ ಪೆಟ್ಟಿಗಿ ಮ್ಯಾಲಿನ ಅಳತಿ ಹೊಡೆದು ಬಾಯಿ ಬಿಚ್ಚಿದ ಮ್ಯಾಲಿನದು, ಮಡಚಿದ ಬಾಯಿ ಬಿಚ್ಚಾಕ ಜಾಗ ಸಾಲದ ಇದ್ದಾಗ ಒಳಗಿನ ಒತ್ತಡ ಏರ್ತೈತಿ. ಕೂತೈತಿ ಅಂತ ಹೊಡಿಬ್ಯಾಡ್ರಿ, ಚೇಂಬರ್ ಅಳಸ್ರಿ.

ಲಿಲಾವ ಮುಗದ ದಿನ ಬಂದೂಕು ಕೈಗೆ ಸಿಗಂಗಿಲ್ಲ, ಇದು ಹೊಸಬರಿಗೆ ಗೊತ್ತಿರಂಗಿಲ್ಲ. ಯಾರಿಗೆ ಮಾರ್ತೀವಿ ಅಂತ ಹೆಸರು ವಿಳಾಸ ಹಾಕಿ ಡಿಸಿಗರ ಹತ್ರದ ಠಾಣೆಗರ ಬರಕೊಟ್ಟು 45 ದಿನ ಕಾಯಬೇಕು, ಅದಕ್ಕ ಮುಂಗಡ ಕೊಟ್ಟು ರಸೀದಿ ತಗೊಂಡು ಬಂದೆ, ಬಾಕಿ ರೊಕ್ಕ ಬ್ಯಾಂಕಿನಿಂದ ಹಾಕಿದೆ. ಗಡುವು ಮುಗದ ಮ್ಯಾಲೆ ಡೀಲರ್ ನನ್ನ ಬುಕ್ಕಿನ್ಯಾಗ ಬರ್ಕೊಟ್ರು, ಬಂದೂಕು ಒಯ್ದು ತೋರ್ಸಿ ಎಂಟ್ರಿ ಮಾಡ್ಸಿದೆ, ಆಮ್ಯಾಲೆ ಮನಿಗೆ ತಂದೆ. ಬಿಚ್ಚಿ ಕಬ್ಬಿಣದ ಅಲಮಾರದಾಗ ಇಡ್ತೀನಿ, ತೋಟಾ ಬ್ಯಾರೆ ಕೀಲಿದಾಗ. ಎಲೆಕ್ಷನ್ ಬಂದಾಗ ಠಾಣೆಕ್ಕ ಒಪ್ಪಿಸ್ರಿ ಅಂತ ನೋಟಿಸ್ ಬರ್ತೈತಿ, ಒಯ್ಯೋ ಮುಂಚೆ ನಳಿಗಿ ಒಳಗ ಹೊರಗ ಎಣ್ಣಿ ಸವರಿ, ಎಣ್ಣಿ ಬಟ್ಟಿ ಸುತ್ತಿ, ನಂಬರು ಬರದ ರಸೀದಿ ಕೈಗೆ ಬಂದ ಮ್ಯಾಲೆ ಠಾಣೆ ಬಾಗಲ ದಾಟ್ರಿ.