ನೆಚ್ಚಿನ ಲೇಖಕರ ಕೋರ್ಟ್ ಥ್ರಿಲ್ಲರ್ ಸಪ್ಪೆ ಅನಿಸಿತಾ? ಕೆಟ್ಟಿದ್ದು ಎಲ್ಲಿ ಅಂತ ಹುಡುಕುವುದು ಹೀಗೆ

ಮೈಕೆಲ್ ಕಾನೆಲಿ ಪುಸ್ತಕ ಅಂದರೆ ನಾನು ಹಿಂದೆಮುಂದೆ ನೋಡದೆ ಕೊಳ್ಳುತ್ತೇನೆ. ಮೊದಲು ಕ್ರೈಮ್ ವರದಿಗಾರರಾಗಿದ್ದವರು, 1992ರಿಂದ ಕಾದಂಬರಿ ಬರೆಯುತ್ತಿದ್ದಾರೆ, ಕೈಕೊಟ್ಟಿದ್ದು ಕಡಿಮೆ. ಆದರೆ 2020ರ 'ದಿ ಲಾ ಆಫ್ ಇನೊಸೆನ್ಸ್' ಮುಗಿಸಿದಾಗ, ಮದುವೆ ಊಟದಲ್ಲಿ ಕೋಸಂಬರಿ, ಪಲ್ಯ ಬಡಿಸಿ ಅನ್ನ ಬರುವ ಮೊದಲೇ ಎಲೆ ಎತ್ತಿದ ಹಾಗಾಯಿತು. ಸುಮ್ನೆ ಬೋರು ಅನ್ನುವ ಬದಲು ತಪ್ಪು ಎಲ್ಲಿದೆ ಅಂತ ನೋಡೋಣ. (ಕತೆಯ ಕೊನೆ ಹೇಳಿಬಿಡುತ್ತೇನೆ, ಓದದವರು ಇಲ್ಲೇ ನಿಲ್ಲಿ.)

ಮೊದಲು, ತೀರ್ಪು ಯಾರ ಕೈಯಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ನಮ್ಮಲ್ಲಿ ಜಡ್ಜ್ ಕೈಯಲ್ಲಿ. ಕ್ಯಾಲಿಫೋರ್ನಿಯಾದ ಕೊಲೆ ಕೇಸಿನಲ್ಲಿ 12 ಜನರ ಜ್ಯೂರಿ, ಅಂದರೆ ಜನಸಾಮಾನ್ಯರಿಂದ ಆರಿಸಿದ ತೀರ್ಪುಗಾರರು, ಅಷ್ಟೂ ಜನ ಒಪ್ಪಬೇಕು, ಒಬ್ಬರ ಮನಸ್ಸಿನಲ್ಲಿ ಅನುಮಾನ ಉಳಿದರೂ ಶಿಕ್ಷೆ ಕೊಡುವ ಹಾಗಿಲ್ಲ. ಕತೆಯ ಬಿಗಿ ಇರುವುದೇ ಅಲ್ಲಿ, ಅಲ್ವಾ? ಈ ಪುಸ್ತಕದಲ್ಲಿ ವಕೀಲ ಮಿಕ್ಕಿ ಹ್ಯಾಲರ್‌ನ ಕಾರಿನ ಡಿಕ್ಕಿಯಲ್ಲಿ ಅವನ ಹಳೇ ಕಕ್ಷಿದಾರನ ಹೆಣ ಸಿಗುತ್ತದೆ, ತನ್ನ ಕೇಸನ್ನು ತಾನೇ ವಾದಿಸುತ್ತಾನೆ. ಎಂಥ ಶುರು! ಕೊನೆಗೆ ನೋಡಿದರೆ ಜ್ಯೂರಿ ತೀರ್ಪು ಕೊಡುವುದೇ ಇಲ್ಲ. ಹೊರಗಡೆಯ ಮಾತುಕತೆಯಲ್ಲಿ ಕೇಸು ಬಿದ್ದುಹೋಗುತ್ತದೆ. ಅಷ್ಟು ಹೊತ್ತು ಆ ಹನ್ನೆರಡು ಮುಖ ನೋಡುತ್ತಾ ಕೂತಿದ್ದು ಯಾಕೆ?

ಎರಡನೆಯದು ಸಾಕ್ಷ್ಯ. ಆರೋಪಿಗೆ ಅನುಕೂಲವಾದದ್ದನ್ನು ಸರ್ಕಾರಿ ವಕೀಲರು ಮುಚ್ಚಿಡುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲೇ, ಬ್ರೇಡಿ ಕೇಸಿನಲ್ಲಿ ಹೇಳಿದೆ. ಹಾಗಾಗಿ ಕೊನೇ ದಿನ ದಿಢೀರಂತ ಏನಾದರೂ ಹೊರಬಂದರೆ, ಅದು ಇಷ್ಟು ದಿನ ಯಾಕೆ ಸಿಗಲಿಲ್ಲ ಅಂತ ಕೇಳಿ. ಇದರಲ್ಲಿ ಕಾನೆಲಿ ಪಾಸು. ಸಾಕ್ಷ್ಯ ಕೊಡು, ಕೊಡಲ್ಲ ಅನ್ನುವ ಜಗಳವೇ ಪುಸ್ತಕದ ಒಳ್ಳೇ ಭಾಗ.

ಪಾಟೀ ಸವಾಲಿನ ಪುಟಗಳಲ್ಲಿ ಉತ್ತರ ಬಿಟ್ಟು ಪ್ರಶ್ನೆ ಮಾತ್ರ ಓದಿ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸಾಕ್ಷಿಯನ್ನು ಮೂಲೆಗೆ ತಳ್ಳಬೇಕು, ಸುಮ್ನೆ ಕಿರುಚಾಟ ಇದ್ದರೆ ನಮ್ಮ ಸಿನಿಮಾ ಕೋರ್ಟೇ ವಾಸಿ.

ಕೊನೆಗೆ, ಅದೇ ಲೇಖಕರ ಒಳ್ಳೇ ಪುಸ್ತಕ ಪಕ್ಕದಲ್ಲಿಟ್ಟು, ನಾಯಕನನ್ನು ಕಟ್ಟಿಹಾಕಿದ ನಿಯಮ ಯಾವುದು ಅಂತ ನೋಡಿ. 2005ರ 'ದಿ ಲಿಂಕನ್ ಲಾಯರ್'ನಲ್ಲಿ ತನ್ನ ಕಕ್ಷಿದಾರನೇ ಕೊಲೆಗಾರ ಅಂತ ಹ್ಯಾಲರ್‌ಗೆ ಗೊತ್ತು, ಆದರೆ ಕಕ್ಷಿದಾರನ ಗುಟ್ಟನ್ನು ವಕೀಲ ಬಿಟ್ಟುಕೊಡುವಂತಿಲ್ಲ. 2020ರದ್ದರಲ್ಲಿ ಅಂಥ ಗಂಟು ಹುಡುಕಿ ಹುಡುಕಿ ನನಗೆ ಸಿಕ್ಕಿದ್ದು 50 ಲಕ್ಷ ಡಾಲರಿನ ಜಾಮೀನು ಮಾತ್ರ.