ಮಾಡೆಲ್ಲಿನಲ್ಲಿ ಲಗ್ ಬಿಗಿಯದೆ ಎತ್ತಿದ ಸ್ಕಿಡ್: ಲಿಫ್ಟಿಂಗ್ ಅನಾಲಿಸಿಸ್‌ನಲ್ಲಿ ನನ್ನ ಅನುಭವ

ಮೈಸೂರಿನ ಹೂಟಗಳ್ಳಿಯ ನಮ್ಮ ಶೆಡ್ಡಿನಲ್ಲಿ ತಯಾರಾಗಿ ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಹೋದ ಪಂಪ್ ಸ್ಕಿಡ್ಡನ್ನು (ಪಂಪು ಮತ್ತು ಮೋಟಾರು ಕೂರಿಸಿದ ಉಕ್ಕಿನ ಚೌಕಟ್ಟನ್ನು) ಕ್ರೇನ್ ಎತ್ತಿ ಹಿಡಿದಾಗ ನಡುಭಾಗದ ಬಾಗು ಸುಮಾರು 6 ಮಿ.ಮೀ. ಬಂದಿತು. ನನ್ನ ಲೆಕ್ಕದಲ್ಲಿ ಅದು 7 ಮಿ.ಮೀ. ಇತ್ತು. ಉದ್ದಕ್ಕೆ ಬಿಗಿದು ಕಟ್ಟಿದ ನೈಲಾನ್ ದಾರ ಮತ್ತು ಉಕ್ಕಿನ ಸ್ಕೇಲು, ಅಳೆಯಲು ಇದ್ದದ್ದು ಇಷ್ಟೇ. ಲಗ್‌ಗಳನ್ನು, ಅಂದರೆ ಎತ್ತುವ ಹಗ್ಗ (ಸ್ಲಿಂಗ್) ಸಿಕ್ಕಿಸಲು ಫ್ರೇಮಿಗೆ ಬೆಸೆದ ರಂಧ್ರದ ಪ್ಲೇಟುಗಳನ್ನು, ಕಂಪ್ಯೂಟರ್ ಮಾಡೆಲ್ಲಿನಲ್ಲಿ ಕದಲದಂತೆ ಹಿಡಿಯದೆ ಲೆಕ್ಕ ಹಾಕುವ ನನ್ನ ವಿಧಾನ ನಡೆಯುವುದಿಲ್ಲವೆಂದು ಗಿರಾಕಿಯ ಕನ್ಸಲ್ಟೆಂಟರು ಎರಡು ಸಭೆಗಳಲ್ಲಿ ಹೇಳಿದ್ದರು, ನಮ್ಮ ಮಾಲೀಕರಿಗೂ ಪೂರ್ತಿ ನಂಬಿಕೆ ಇರಲಿಲ್ಲ. ಆದ್ದರಿಂದಲೇ ಇದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲು ಹಳೆಯ ನಷ್ಟದ ವಿಷಯ. ಆರೇಳು ವರ್ಷಗಳ ಹಿಂದೆ ಹೆಚ್ಚುಕಡಿಮೆ ಇದೇ ಗಾತ್ರದ, 6 ಮೀಟರ್ ಉದ್ದ ಮತ್ತು 2.2 ಮೀಟರ್ ಅಗಲದ ಒಂದು ಬೇಸ್ ಫ್ರೇಮನ್ನು 200 ಮಿ.ಮೀ. ಎತ್ತರದ ಚಾನೆಲ್‌ನಲ್ಲಿ (ಒಂದು ಬದಿ ತೆರೆದ ‘C’ ಆಕಾರದ ಉಕ್ಕಿನ ತೊಲೆಯಲ್ಲಿ) ಮಾಡಿದ್ದೆವು. ಆಗ ನಾನೂ ಎಲ್ಲರಂತೆ ನಾಲ್ಕೂ ಲಗ್‌ಗಳ ರಂಧ್ರಗಳನ್ನು ಎಲ್ಲ ದಿಕ್ಕಿಗೂ ಫಿಕ್ಸ್ ಮಾಡಿ, ಗುರುತ್ವವನ್ನು ಕೆಳಮುಖವಾಗಿ ಕೊಟ್ಟು ರನ್ ಮಾಡಿದ್ದೆ. ಒತ್ತಡ ಎಲ್ಲಿಯೂ 90 ಮೆಗಾಪಾಸ್ಕಲ್ ದಾಟಿರಲಿಲ್ಲ, ಐಎಸ್ 2062 ಎಂಬ ಭಾರತೀಯ ಮಾನಕದ ಇ250 ಉಕ್ಕಿಗೆ (ಅದರ ಮಿತಿ 250) ಅದು ಏನೇನೂ ಅಲ್ಲವೆಂದು ವರದಿ ಕೊಟ್ಟೆ. ಸೈಟಿನಲ್ಲಿ ಸೂರು ತಗ್ಗಾಗಿದ್ದುದರಿಂದ ಕ್ರೇನಿನವರು ಗಿಡ್ಡ ಸ್ಲಿಂಗ್ ಹಾಕಿದರು, ಮಟ್ಟದಿಂದ ಅದರ ಕೋನ 45 ಡಿಗ್ರಿಯ ಆಸುಪಾಸಿಗೆ ಬಂದಿತು. ಫ್ರೇಮ್ ನೆಲದಿಂದ ಒಂದಡಿ ಮೇಲೇಳುವಷ್ಟರಲ್ಲಿ ಎರಡು ಲಗ್‌ಗಳ ಬುಡದಲ್ಲಿ ಚಾನೆಲ್ ಒಳಮುಖವಾಗಿ ತಿರುಚಿಕೊಂಡಿತು. ಕೆಳಗಿಳಿಸಿ ಮಟ್ಟಗೋಲು ಇಟ್ಟು ನೋಡಿದರೆ ಫ್ಲೇಂಜಿನ (ಚಾನೆಲ್ಲಿನ ಅಡ್ಡ ಪಟ್ಟಿಯ) ತುದಿ ಸುಮಾರು 12 ಮಿ.ಮೀ. ಓರೆಯಾಗಿತ್ತು, ಪಂಪು ಮತ್ತು ಮೋಟಾರಿನ ಅಲೈನ್‌ಮೆಂಟ್ ಹಾಳಾಗಿತ್ತು. ವಾಪಸ್ ಸಾಗಣೆ, ಕತ್ತರಿಸಿ ಮತ್ತೆ ವೆಲ್ಡಿಂಗ್, ಮಷೀನಿಂಗ್, ಕ್ರೇನಿನ ಎರಡನೆಯ ದಿನದ ಬಾಡಿಗೆ ಎಲ್ಲ ಸೇರಿ 1.8 ಲಕ್ಷ ರೂಪಾಯಿಯಷ್ಟು ಕೈಬಿಟ್ಟಿತು.

ತಪ್ಪು ಎಲ್ಲಿತ್ತೆಂದು ಕಂಡುಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. 9 ಟನ್ನಿನ ಭಾರ ನಾಲ್ಕು ಸ್ಲಿಂಗ್‌ಗಳ ಮೇಲೆ 45 ಡಿಗ್ರಿಯಲ್ಲಿ ಬಂದರೆ ಒಂದೊಂದರಲ್ಲಿ 3.2 ಟನ್ ಎಳೆತವಿರುತ್ತದೆ, ಅದರಲ್ಲಿ 2.25 ಟನ್ ಅಡ್ಡಲಾಗಿ ಒಳಕ್ಕೆ ಎಳೆಯುತ್ತದೆ. ಲಗ್‌ಗಳ ನಡುವಿನ ಅಂತರ ಉದ್ದಕ್ಕೆ 4.4, ಅಗಲಕ್ಕೆ 2.2 ಮೀಟರ್ ಇದ್ದುದರಿಂದ ಆ 2.25ರಲ್ಲಿ ಸುಮಾರು ಒಂದು ಟನ್ ಚಾನೆಲ್ಲಿನ ದುರ್ಬಲ ದಿಕ್ಕಿಗೇ ಬೀಳುತ್ತದೆ. ಲಗ್ಗಿನ ರಂಧ್ರ ಚಾನೆಲ್ಲಿನ ನಡುಮಟ್ಟದಿಂದ 220 ಮಿ.ಮೀ. ಮೇಲಿತ್ತು, ಹತ್ತಿರದ ಅಡ್ಡತೊಲೆ ಒಂದೂವರೆ ಅಡಿ ದೂರದಲ್ಲಿತ್ತು. ತೆರೆದ ಸೆಕ್ಷನ್ ಇಂತಹ ತಿರುಚುಬಲವನ್ನು ತಡೆಯಲಾರದು. ರಂಧ್ರವನ್ನು ಫಿಕ್ಸ್ ಮಾಡಿದ ನನ್ನ ಮಾಡೆಲ್ಲಿನಲ್ಲಾದರೋ ಅಡ್ಡ ಎಳೆತವೆಂಬುದೇ ಹುಟ್ಟಿರಲಿಲ್ಲ, ಲಗ್ಗು ಓರೆಯಾಗಲು ಅವಕಾಶವೂ ಇರಲಿಲ್ಲ. ನಾನು ಪರೀಕ್ಷಿಸಿದ್ದು ಗೋಡೆಗೆ ಬೆಸೆದ ಫ್ರೇಮನ್ನೇ ಹೊರತು ಕೊಕ್ಕೆಗೆ ತೂಗುವ ಫ್ರೇಮನ್ನಲ್ಲ.

ಈಗ ನಾನು ಲಗ್‌ಗಳಿಗೆ ಯಾವ ನಿರ್ಬಂಧವನ್ನೂ ಹಾಕುವುದಿಲ್ಲ. ನಾಲ್ಕು ಸ್ಲಿಂಗ್‌ಗಳನ್ನು ಎಳೆತ ಮಾತ್ರ ಹೊರುವ ಎಲಿಮೆಂಟ್‌ಗಳಾಗಿ (ಮಾಡೆಲ್ಲಿನ ತುಣುಕುಗಳಾಗಿ) ಮಾಡೆಲ್ಲಿನಲ್ಲಿಯೇ ಕಟ್ಟಿ, ಅವು ಕೂಡುವ ಕೊಕ್ಕೆಯ ಬಿಂದುವನ್ನು ಮೂರು ದಿಕ್ಕಿಗೂ ಹಿಡಿಯುತ್ತೇನೆ. ಇಷ್ಟನ್ನೇ ಮಾಡಿ ರನ್ ಕೊಟ್ಟರೆ ಮ್ಯಾಟ್ರಿಕ್ಸ್ ಸಿಂಗ್ಯುಲರ್ (ಒಂದೇ ಖಚಿತ ಉತ್ತರವಿಲ್ಲ) ಎಂದು ಸಾಲ್ವರ್, ಅಂದರೆ ಲೆಕ್ಕ ಬಿಡಿಸುವ ತಂತ್ರಾಂಶ, ನಿಂತುಬಿಡುತ್ತದೆ, ಕನ್ಸಲ್ಟೆಂಟರ ಆಕ್ಷೇಪವೂ ಇದೇ ಆಗಿತ್ತು: “ಆಧಾರವೇ ಇಲ್ಲದ ಮಾಡೆಲ್ಲನ್ನು ಹೇಗೆ ಸಾಲ್ವ್ ಮಾಡ್ತೀರಿ?” ಫ್ರೇಮಿಗೆ ಆಗ ಉಳಿಯುವುದು ಕೊಕ್ಕೆಯ ಸುತ್ತಲಿನ ಮೂರು ತಿರುಗುವಿಕೆಗಳು ಮಾತ್ರ. ಅವಕ್ಕೆ ಸರಿಯಾಗಿ ಮೂರೇ ನಿರ್ಬಂಧ ಸಾಕು. ಒಂದು ಮೂಲೆಯ ನೋಡನ್ನು (ಮಾಡೆಲ್ಲಿನ ಬಿಂದುವನ್ನು) ಉದ್ದ ಮತ್ತು ಅಗಲದ ದಿಕ್ಕುಗಳಲ್ಲಿ, ಉದ್ದದ ಇನ್ನೊಂದು ತುದಿಯ ಮೂಲೆಯನ್ನು ಅಗಲದ ದಿಕ್ಕಿನಲ್ಲಿ ಮಾತ್ರ ಹಿಡಿಯುತ್ತೇನೆ, ಲಂಬ ದಿಕ್ಕಿನಲ್ಲಿ ಫ್ರೇಮನ್ನು ಎಲ್ಲಿಯೂ ಹಿಡಿಯುವುದಿಲ್ಲ. ಕೊಕ್ಕೆಯು ಗುರುತ್ವಕೇಂದ್ರದ ನೇರ ಮೇಲಿದ್ದರೆ ಈ ಮೂರರ ರಿಯಾಕ್ಷನ್ನೂ (ಹಿಡಿದ ಜಾಗ ಹೊರುವ ಬಲವೂ) ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಒತ್ತಡದ ಬಣ್ಣದ ಚಿತ್ರವನ್ನು ನಾನು ತೆರೆಯುವುದೇ ಇಲ್ಲ, ಹಿಂದಿರುಗಿ ತೂಕದ ಲೆಕ್ಕ ನೋಡುತ್ತೇನೆ.

ಒಂದು ಸಲ ಇಲ್ಲಿ ಹೆಚ್ಚುಕಡಿಮೆ 300 ಕಿಲೋ ರಿಯಾಕ್ಷನ್ ಬಂದು ಎರಡು ದಿನ ಕಾಡಿತು. ಮೋಟಾರಿನ ತೂಕವನ್ನು ಪಾಯಿಂಟ್ ಮಾಸ್ (ಒಂದೇ ಬಿಂದುವಿನಲ್ಲಿಟ್ಟ ತೂಕ) ಆಗಿಯೂ, ಆಕೃತಿಗೆ ಸಾಂದ್ರತೆ ಕೊಟ್ಟು ಇನ್ನೊಮ್ಮೆಯೂ ಸೇರಿಸಿಬಿಟ್ಟಿದ್ದೆ. ಯೂನಿಟ್ಟುಗಳ ಮಾತೂ ಹಾಗೆಯೇ. ಮಿ.ಮೀ. ಮತ್ತು ನ್ಯೂಟನ್‌ನಲ್ಲಿ ಕೆಲಸ ಮಾಡುವವರು ಗುರುತ್ವವನ್ನು 9810 ಎಂದು ಕೊಟ್ಟ ಮೇಲೆ ತೂಕವನ್ನು ಟನ್ನಿನಲ್ಲಿಯೇ ಕೊಡಬೇಕು. ಕಿಲೋದಲ್ಲಿ ಕೊಟ್ಟರೆ ಬಲ ಸಾವಿರ ಪಟ್ಟಾಗುತ್ತದೆ.

ತೂಕದ ವಿಷಯದಲ್ಲಿ ಡ್ರಾಯಿಂಗನ್ನು ನಂಬುವುದನ್ನು ನಾನು ಬಿಟ್ಟಿದ್ದೇನೆ. ಈ ಸ್ಕಿಡ್ ಡ್ರಾಯಿಂಗಿನ ಪ್ರಕಾರ 8.1 ಟನ್ ಇತ್ತು. ಲಾರಿಗೆ ಹೇರಿ ವೇ ಬ್ರಿಡ್ಜಿನಲ್ಲಿ ನಿಲ್ಲಿಸಿದಾಗ 8.9 ಟನ್ ತೋರಿಸಿತು. ಗುರುತ್ವಕೇಂದ್ರಕ್ಕಾಗಿ ಹೈಡ್ರಾದಿಂದ (ಚಕ್ರದ ಮೇಲೆ ಓಡಾಡುವ ಸಣ್ಣ ಕ್ರೇನಿನಿಂದ) ಒಂದು ತುದಿಯನ್ನು ಎರಡು ಇಂಚು ಮಾತ್ರ ಎತ್ತಿ, ನಡುವೆ ಕ್ರೇನ್ ಸ್ಕೇಲ್ ತೂಗುಹಾಕಿ ಓದಿಕೊಂಡೆವು, ಇನ್ನೊಂದು ತುದಿಗೂ ಹಾಗೆಯೇ ಮಾಡಿದೆವು. ಡ್ರಾಯಿಂಗ್ ಹೇಳಿದ್ದಕ್ಕಿಂತ ಗುರುತ್ವಕೇಂದ್ರ 130 ಮಿ.ಮೀ.ಯಷ್ಟು ಮೋಟಾರಿನ ಕಡೆಗಿತ್ತು. ಹೈಡ್ರಾದ ಅರ್ಧ ದಿನದ ಬಾಡಿಗೆ ನಾಲ್ಕೈದು ಸಾವಿರ ಆಗಿರಬಹುದು. ಮಾಲೀಕರು ಗೊಣಗಿದರೂ ಕೊಟ್ಟರು.

ಪಂಪು ಮತ್ತು ಮೋಟಾರಿನ ತೂಕವನ್ನು ಫ್ರೇಮಿಗೆ ಜೋಡಿಸುವಾಗ ಬೋಲ್ಟು ರಂಧ್ರಗಳನ್ನೆಲ್ಲ ಗಟ್ಟಿ ಕೊಂಡಿಯಿಂದ ಕಟ್ಟಿಬಿಟ್ಟರೆ ಇಲ್ಲದ ಬಿಗಿತವೊಂದು ಫ್ರೇಮಿಗೆ ಬಂದುಬಿಡುತ್ತದೆ. ಹಾಗೆ ಕಟ್ಟಿದಾಗ ನನ್ನ ಬಾಗು 4 ಮಿ.ಮೀ. ಆಗಿತ್ತು, ಬಲವನ್ನು ಮಾತ್ರ ಹಂಚುವ ಜೋಡಣೆಗೆ ಬದಲಿಸಿದ ಮೇಲೆ 7 ಆಯಿತು.

ಇನ್ನು ಸ್ಲಿಂಗ್‌ಗಳ ಉದ್ದ. ನಾಲ್ಕು ಕಾಲಿನ (ನಾಲ್ಕು ಹಗ್ಗಗಳ) ಸ್ಲಿಂಗಿನಲ್ಲಿ ಒಂದು ಕಾಲು ಹೆಚ್ಚುವರಿಯೇ ಆದ್ದರಿಂದ ಉದ್ದದಲ್ಲಿ ತುಸು ವ್ಯತ್ಯಾಸವಿದ್ದರೂ ಭಾರ ಒಂದು ಕರ್ಣದ ಜೋಡಿಯ ಕಡೆಗೆ ಸರಿಯುತ್ತದೆ. ಬಾಡಿಗೆಗೆ ಬಂದ ಸ್ಲಿಂಗ್‌ಗಳನ್ನು ನೆಲದ ಮೇಲೆ ಚಾಚಿ ಟೇಪು ಹಿಡಿದರೆ ಒಂದು ಕಾಲು ಸುಮಾರು 20 ಮಿ.ಮೀ. ಗಿಡ್ಡವಾಗಿತ್ತು. ಇದನ್ನು ಮಾಡೆಲ್ಲಿಗೆ ತರಲು ನಾನು ಆ ಒಂದು ಎಲಿಮೆಂಟಿನ ತಾಪಮಾನವನ್ನು ಲೆಕ್ಕಕ್ಕಷ್ಟೇ ಇಳಿಸುತ್ತೇನೆ. 4.9 ಮೀಟರ್ ಸ್ಲಿಂಗು 20 ಮಿ.ಮೀ. ಕುಗ್ಗಲು ಉಕ್ಕಿನ ಹಿಗ್ಗುವ ಗುಣಾಂಕದ ಪ್ರಕಾರ ಸುಮಾರು 340 ಡಿಗ್ರಿ ಇಳಿಸಬೇಕಾಗುತ್ತದೆ. ವೈರ್ ರೋಪು ಗಟ್ಟಿ ಸರಳಿನಷ್ಟು ಬಿಗಿಯಲ್ಲ, ಅದಕ್ಕೆ ಬೇರೆಯೇ ಬಿಗಿತ ಕೊಡಬೇಕು. ನಾನು ಕೊಡುವ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ, ಎರಡು ವರ್ಷ ಹಗ್ಗಗಳನ್ನು ಎಳೆದು ಎಳೆದು ಅಳೆದು ಸಂಪಾದಿಸಿದ್ದು ಅದು. ಈ ಸಲ ಸ್ಲಿಂಗಿನ ಕೋನವಾಗಿದ್ದ 60 ಡಿಗ್ರಿಯಲ್ಲಿ ನಾಲ್ಕೂ ಸಮ ಎಂದುಕೊಂಡರೆ ಕಾಲಿಗೆ 2.6 ಟನ್ ಬರಬೇಕು. ಗಿಡ್ಡ ಕಾಲಿಗೆ 3.6 ಬರುತ್ತದೆ ಎಂದು ನನ್ನ ಮಾಡೆಲ್ ಹೇಳಿತು. ಎತ್ತಿದ ದಿನ ಆ ಕಾಲಿಗೆ ಕ್ರೇನ್ ಸ್ಕೇಲ್ ಸೇರಿಸಿ, ಅದು ತಿಂದ ಉದ್ದವನ್ನು ಶ್ಯಾಕಲ್ (ಸ್ಲಿಂಗನ್ನು ಸೇರಿಸುವ ಉಕ್ಕಿನ ಕೊಂಡಿ) ಬದಲಿಸಿ ಸರಿದೂಗಿಸಿದ್ದೆವು. ಅಂಕಿ ಸ್ವಲ್ಪ ಹೊಯ್ದಾಡಿ 3.4ರಲ್ಲಿ ನಿಂತಿತು. ಕನ್ಸಲ್ಟೆಂಟರು ಹತ್ತಿರ ಬಂದು ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು.

ಮಧ್ಯೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. ಸ್ನೇಹಿತರ ಕಚೇರಿಯ ದುಬಾರಿ ತಂತ್ರಾಂಶದಲ್ಲಿ ಇನರ್ಶಿಯಾ ರಿಲೀಫ್ (ಎಲ್ಲಿಯೂ ಹಿಡಿಯದೆ ಬಲಗಳನ್ನು ಜಡತ್ವದಿಂದ ಸರಿದೂಗಿಸುವ ವಿಧಾನ) ಹಾಕಿ, ಸ್ಲಿಂಗಿನ ಎಳೆತಗಳನ್ನು ಬಲಗಳಾಗಿ ನೇರವಾಗಿ ಲಗ್‌ಗಳಿಗೆ ಕೊಟ್ಟು ನೋಡಿದೆ. ಒತ್ತಡಗಳು ನನ್ನ ಮಾಡೆಲ್ಲಿಗೆ ಚೆನ್ನಾಗಿಯೇ ಹೊಂದಿದವು, ಆದರೆ ಆ ಎಳೆತಗಳು ಎಷ್ಟೆಂದು ಮೊದಲೇ ಗೊತ್ತಿರಬೇಕಾದ್ದರಿಂದ ಸ್ಲಿಂಗಿನ ಉದ್ದದ ಪ್ರಶ್ನೆಗೆ ಅದು ಉತ್ತರ ಕೊಡಲಿಲ್ಲ. ನನ್ನ ಕೆಲಸವೆಲ್ಲ ಉಚಿತವಾಗಿ ಸಿಗುವ ಕ್ಯಾಲ್ಕ್ಯುಲಿಕ್ಸ್ ತಂತ್ರಾಂಶದಲ್ಲಿಯೇ ನಡೆಯುತ್ತದೆ, ಲಕ್ಷಗಟ್ಟಲೆ ಲೈಸೆನ್ಸ್ ಕಟ್ಟುವವರ ಉತ್ತರಕ್ಕಿಂತ ಅದರ ಉತ್ತರ ಕಡಿಮೆಯದ್ದೇನಲ್ಲ.

ಭಾರದ ಗುಣಕಕ್ಕೆ (ಸುರಕ್ಷತೆಗಾಗಿ ಭಾರವನ್ನು ಎಷ್ಟು ಪಟ್ಟು ಹಿಡಿಯಬೇಕೆಂಬ ಅಂಕಿಗೆ) ಸಮುದ್ರದ ಕೆಲಸಕ್ಕಾಗಿ ಇರುವ ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆಯ ಮಾರ್ಗಸೂಚಿ ಎಪಿಐ ಆರ್‌ಪಿ 2ಎ ನನಗೆ ದಾರಿ ತೋರಿಸಿತು. ತೆರೆದ ಸಮುದ್ರದಲ್ಲಿ ಲಗ್ಗಿಗೂ ಅದಕ್ಕೆ ಕೂಡುವ ಭಾಗಗಳಿಗೂ 2.0, ಉಳಿದವಕ್ಕೆ 1.35 ಎಂದು ಅದು ಹೇಳುತ್ತದೆ. ಅದರ ಜೊತೆಗೆ ಸ್ಲಿಂಗಿನ ಎಳೆತದ ಶೇ. 5ರಷ್ಟು ಬಲವನ್ನು ಪಿನ್ನಿನ ರಂಧ್ರದಲ್ಲಿ ಲಗ್ಗಿಗೆ ಅಡ್ಡವಾಗಿ ಕೊಡಬೇಕು. ನಮ್ಮದು ನೆಲದ ಮೇಲಿನ ಕೆಲಸವಾದರೂ ಲಗ್ಗಿಗೆ 2.0ನ್ನೂ ಆ ಅಡ್ಡಬಲವನ್ನೂ ನಾನು ಬಿಡುವುದಿಲ್ಲ. 25 ಮಿ.ಮೀ. ಪ್ಲೇಟಿಗೆ ಇಳುವರಿ ಒತ್ತಡ (ಉಕ್ಕು ಶಾಶ್ವತವಾಗಿ ಬಾಗತೊಡಗುವ ಮಿತಿ) 250 ಅಲ್ಲ, 240 ಮೆಗಾಪಾಸ್ಕಲ್ ಎಂಬುದನ್ನೂ ಮರೆಯುವುದಿಲ್ಲ.

ಇಷ್ಟಾದ ಮೇಲೆ ಫ್ರೇಮಿನಲ್ಲಿ ಬದಲಾದದ್ದು ಸ್ವಲ್ಪವೇ. ಲಗ್‌ಗಳನ್ನು ಅಡ್ಡತೊಲೆ ಕೂಡುವ ಜಾಗಕ್ಕೆ ಸರಿಸಿದೆ, ಅಲ್ಲಿ ಚಾನೆಲ್ಲಿನ ಬಾಯಿಗೆ ಪ್ಲೇಟು ಮುಚ್ಚಿ ಪೆಟ್ಟಿಗೆಯಂತೆ ಮಾಡಿಸಿದೆ, ಲಗ್ಗನ್ನು ಸ್ಲಿಂಗು ಎಳೆಯುವ ದಿಕ್ಕಿಗೆ ತಿರುಗಿಸಿ ಬೆಸೆಯಿಸಿದೆ. ನಮ್ಮ ಹಿರಿಯ ಫಿಟರಿಗೆ ಈ ಕೊನೆಯದು ಹಿಡಿಸಲಿಲ್ಲ. “ಓರೆಯಾಗಿ ಕೂರಿಸಿದ್ರೆ ಇನ್‌ಸ್ಪೆಕ್ಷನ್‌ನವರು ತಪ್ಪು ವೆಲ್ಡಿಂಗ್ ಅಂತಾರೆ ಸಾರ್” ಎಂದರು. ಡ್ರಾಯಿಂಗಿನಲ್ಲಿ ಕೋನವನ್ನು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿಕೊಟ್ಟೆ. ಹೆಚ್ಚಾದ ಉಕ್ಕು 60 ಕಿಲೋ, ಕೂಲಿಯೂ ಸೇರಿ ಏಳೆಂಟು ಸಾವಿರ ರೂಪಾಯಿ. ಕನ್ಸಲ್ಟೆಂಟರು ಬೇಕೆಂದಿದ್ದ ಸ್ಪ್ರೆಡರ್ ಬೀಮಿಗೆ (ಸ್ಲಿಂಗ್‌ಗಳನ್ನು ಅಗಲಿಸಿ ಹಿಡಿಯುವ ಅಡ್ಡತೊಲೆಗೆ) 1.2 ಲಕ್ಷದ ಕೊಟೇಶನ್ ಬಂದಿತ್ತು, ಅದು ಉಳಿಯಿತು.

ಸ್ಕಿಡ್ ಕಳುಹಿಸುವ ಮುನ್ನ ನಮ್ಮ ಶೆಡ್ಡಿನಲ್ಲಿಯೇ ತಾಲೀಮು ಮಾಡಿದೆವು. ದಸರೆಗೆ ಮುಂಚೆ ಆನೆಗಳಿಗೆ ಮರಳಿನ ಮೂಟೆ ಹೊರಿಸಿ ನಡೆಸುವುದನ್ನು ಪ್ರತಿವರ್ಷ ನೋಡುವ ಊರಿನವರು ನಾವು. ಹಾಗೆಯೇ ಸ್ಕಿಡ್ಡಿನ ಮೇಲೆ ಎರಡು ಟನ್ನಿಗೂ ಮಿಕ್ಕಿ ಮರಳು ಮೂಟೆ ಪೇರಿಸಿ, ಒಂದಡಿ ಎತ್ತಿ ಹತ್ತು ನಿಮಿಷ ಹಿಡಿಸಿದೆ. ಇಳಿಸಿದ ಮೇಲೆ ಲಗ್‌ಗಳ ಬುಡದ ಬಣ್ಣ ಕೆರೆಸಿ ಡೈ ಪೆನೆಟ್ರೆಂಟ್ (ಬಿರುಕಿಗೆ ಇಳಿದು ಕೆಂಪು ಗೆರೆಯಾಗಿ ತೋರುವ ಬಣ್ಣ) ಹಚ್ಚಿಸಿದೆ. ಡೆವಲಪರಿನ ಬಿಳಿ ಒಣಗುವವರೆಗೆ ಟಾರ್ಚು ಹಿಡಿದು ನಾನೇ ಕುಳಿತು ನೋಡಿದೆ, ನಾಲ್ಕರಲ್ಲಿಯೂ ಒಂದು ಕೆಂಪು ಗೆರೆಯೂ ಮೂಡಲಿಲ್ಲ.